ಬಿ.ಎಚ್. ರಸ್ತೆಯಲ್ಲಿ ಓಡುವ ಗಾಡಿಗಿಂತ ನಿಂತ ಗಾಡಿಯ ಕಾಟವೇ ಜಾಸ್ತಿ, ಅಲ್ವಾ?

ಎಸ್.ಎಸ್. ಪುರಂ ವಾಸಿ

ತುಮಕೂರಿನವರೇ, ಟ್ರಾಫಿಕ್ ಅಂದ ಕೂಡಲೇ ನಾವೆಲ್ಲ ಬೈಯುವುದು ಓಡುವ ಗಾಡಿಗಳನ್ನು. ಹುಡುಗರು ಜೋರಾಗಿ ಬರುತ್ತಾರೆ, ಆಟೊದವರು ಎಲ್ಲೆಂದರಲ್ಲಿ ತಿರುಗಿಸುತ್ತಾರೆ, ಬಸ್ಸುಗಳು ಮೈಮೇಲೇ ಬರುತ್ತವೆ. ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಜಗಳದ ಬೇರು ಇರುವುದು ನಿಂತ ಗಾಡಿಗಳಲ್ಲಿ ಅಂತ ನನ್ನ ಲೆಕ್ಕ.

ಭದ್ರಮ್ಮ ಛತ್ರದ ಸರ್ಕಲ್‌ನಿಂದ ಟೌನ್ ಹಾಲ್ ಕಡೆಗೆ ಸಂಜೆ ಆರರ ಮೇಲೆ ನಡೆದು ನೋಡಿ. ಫುಟ್‌ಪಾತ್ ಮೇಲೆ ಬೈಕುಗಳು, ಮುಂದಿನ ಚಕ್ರ ಗೋಡೆ ಕಡೆ, ಸೈಲೆನ್ಸರ್ ನಮ್ಮ ಕಾಲಿನ ಕಡೆ. ಅದರ ಕೆಳಗೆ ರಸ್ತೆ ಅಂಚಿನಲ್ಲಿ ಕಾರುಗಳು. ಆ ಕಾರಿನ ಪಕ್ಕಕ್ಕೆ "ಎರಡೇ ನಿಮಿಷ" ಅಂತ ಇಂಡಿಕೇಟರ್ ಹಾಕಿಕೊಂಡು ಇನ್ನೊಂದು ಕಾರು. ನಡೆಯುವವರಿಗೆ ಉಳಿಯುವುದು ಅದರಾಚೆಯ ಜಾಗ, ಅಂದರೆ ಬಸ್ಸಿನ ದಾರಿ. ಬಸ್ ಡ್ರೈವರ್ ಹಾರ್ನ್ ಹೊಡೆಯುತ್ತಾನೆ, ನಾವು ಅವನನ್ನು ಬೈಯುತ್ತೇವೆ. ಎರಡು ನಿಮಿಷದ ಕಾರಿನವರು ಆರಾಮಾಗಿ ಪಾರ್ಸೆಲ್ ತೆಗೆದುಕೊಂಡು ಹೊರಡುತ್ತಾರೆ!

ಸುಮ್ನೆ ಬೈದುಕೊಳ್ಳೋಣ ಅಂತ ಅಲ್ಲ. ದಿನಾ ಈ ರಸ್ತೆ ಬಳಸುವವರು ಹೇಳಿ, ಏನು ಮಾಡಿದರೆ ಸ್ವಲ್ಪವಾದರೂ ಸರಿಹೋಗುತ್ತದೆ?

ಅಶೋಕ ರಸ್ತೆ ಅಂಗಡಿ

ಮೇಡಂ, ನೀವು ಹೇಳಿದ್ದು ಸರಿ. ಆದರೆ ಗಿರಾಕಿ ಗಾಡಿ ಎಲ್ಲಿ ನಿಲ್ಲಿಸಬೇಕು ಅಂತಲೂ ಹೇಳಿಬಿಡಿ. ನಮ್ಮ ಕಟ್ಟಡಗಳೆಲ್ಲ ಕಾರು ಇಲ್ಲದ ಕಾಲದವು. ಗಾಡಿ ನಿಲ್ಲಿಸಲು ಜಾಗ ಇಲ್ಲ ಅಂದರೆ ಗಿರಾಕಿ ಮೊಬೈಲ್‌ನಲ್ಲಿ ಆರ್ಡರ್ ಹಾಕುತ್ತಾನೆ. ಆಗ ಆ ಸಾಮಾನು ತರುವ ಹುಡುಗನ ಬೈಕೂ ಇದೇ ರಸ್ತೆಯಲ್ಲಿ ನಿಲ್ಲುತ್ತದೆ. ವ್ಯಾಪಾರ ಹೋಗಿದ್ದು ನನ್ನದು ಅಷ್ಟೆ.

ಸೀಸನ್ ಪಾಸ್

ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ. ಬೆಳಿಗ್ಗೆ ಬೆಂಗಳೂರಿನ ಟ್ರೈನಿಗೆ ಹೋಗುವಾಗ ಅಂಗಡಿಗಳ ಬಾಗಿಲು ಮೇಲೆತ್ತುವ ಹೊತ್ತು. ಆಗ ಬಂದು ನಿಲ್ಲುವ ಬೈಕುಗಳು ಯಾರವು? ಬೋಣಿಯೂ ಆಗಿರುವುದಿಲ್ಲ, ಗಿರಾಕಿ ಎಲ್ಲಿಂದ ಬಂದ? ಸಂಜೆ ವಾಪಸ್ ಬಂದಾಗಲೂ ಅವೇ ಬೈಕುಗಳು, ಸೀಟಿನ ಮೇಲೆ ಧೂಳು. ಮಾಲೀಕರದ್ದು ಒಂದು, ಕೆಲಸದ ಹುಡುಗರದ್ದು ಮೂರ್ನಾಲ್ಕು. ಗಿರಾಕಿಗೆ ಅಂತ ಇದ್ದ ಜಾಗ ಬೆಳಿಗ್ಗೆಯೇ ತುಂಬಿಹೋದ ಮೇಲೆ ಗಿರಾಕಿ ಎರಡನೇ ಸಾಲಿನಲ್ಲೇ ನಿಲ್ಲಿಸಬೇಕು.

ಆಟೊ, ಗುಬ್ಬಿ ಗೇಟ್

ಎಲ್ಲರೂ ಆಟೊದವರ ಹೆಸರು ಎತ್ತುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ. ಟೈಪ್ ಮಾಡುವುದು ನಿಧಾನ, ಸಹಿಸಿಕೊಳ್ಳಿ.

ನಾವು ಬಸ್ ನಿಲ್ಲುವ ಕಡೆ ಯಾಕೆ ಮುಗಿಬೀಳುತ್ತೇವೆ? ಸೀಟು, ಅಂದರೆ ಬಾಡಿಗೆಗೆ ಸಿಗುವ ಜನ, ಇಳಿಯುವುದು ಅಲ್ಲಿ. ತಿಪಟೂರು, ಗುಬ್ಬಿ ಕಡೆಯಿಂದ ಬಸ್ ಬರುತ್ತದೆ. ಜನ ಬಸ್ ಸ್ಟ್ಯಾಂಡ್ ತನಕ ಕಾಯುವುದಿಲ್ಲ, ದಾರಿಯಲ್ಲೇ ಇಳಿಯುತ್ತಾರೆ. ಆಸ್ಪತ್ರೆಗೆ ಬಂದವರು, ಕೋರ್ಟಿಗೆ ಬಂದವರು, ಕಾಲೇಜಿಗೆ ಬಂದವರು. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ ಫ್ರೀ ಆಯಿತಲ್ಲ, ಆಮೇಲೆ ಊರಿಂದ ಬರುವ ತಾಯಂದಿರು ಜಾಸ್ತಿ. ಕೈಯಲ್ಲಿ ಚೀಲ, ಜೊತೆಗೆ ಮಗು. ಅವರು ಕೈ ಅಡ್ಡ ಹಾಕಿದ ಕಡೆ ನಾನು ನಿಲ್ಲದಿದ್ದರೆ ಹಿಂದಿನ ಆಟೊದವನು ನಿಲ್ಲಿಸುತ್ತಾನೆ. ನನ್ನ ಬಾಡಿಗೆ ಹೋಯಿತು.

ಸ್ಟ್ಯಾಂಡ್‌ನಲ್ಲಿ ಸಾಲಾಗಿ ನಿಲ್ಲಿ ಅನ್ನುತ್ತಾರೆ. ನಿಲ್ಲುತ್ತೇವೆ. ಆದರೆ ಸ್ಟ್ಯಾಂಡ್ ಇರುವುದು ಒಂದು ಕಡೆ, ಜನ ಇಳಿಯುವುದು ಇನ್ನೊಂದು ಕಡೆ. ಬಸ್ ಸ್ಟಾಪ್ ದಾಟಿ ಒಂದಿಪ್ಪತ್ತು ಹೆಜ್ಜೆ ಮುಂದೆ ನಾಲ್ಕು ಆಟೊ ನಿಲ್ಲುವಷ್ಟು ಗೆರೆ ಎಳೆದು ಕೊಡಲಿ ಸಾಕು. ಬಸ್ಸಿನ ಮುಂದೆ ಅಡ್ಡ ಹೋಗಲು ನಮಗೇನು ಹುಚ್ಚಾ? ಬಸ್ಸಿನ ಬಂಪರ್ ತಾಗಿದರೆ ಗಾಡಿ ಗ್ಯಾರೇಜಿಗೆ, ಮೂರು ದಿನ ಮನೆಯಲ್ಲಿ ಒಲೆ ಹೊತ್ತುವುದು ಕಷ್ಟ.

ಹಾಸ್ಟೆಲ್ ಹುಡುಗ

ಅಣ್ಣ ಹೇಳಿದ್ದು ಕರೆಕ್ಟ್. ಮೀಟರ್ ಹಾಕುವ ವಿಷಯ ಮಾತ್ರ ಅಣ್ಣ ಎತ್ತಲೇ ಇಲ್ಲ ನೋಡಿ 😄

ಆಟೊ, ಗುಬ್ಬಿ ಗೇಟ್

ಅದಕ್ಕೆ ಬೇರೆ ಚರ್ಚೆ ಶುರು ಮಾಡು ತಮ್ಮ. ಬರುತ್ತೇನೆ.

ನಿವೃತ್ತ ಇಂಜಿನಿಯರ್

ರಸ್ತೆ ಕೆಲಸದಲ್ಲೇ ಕೂದಲು ಬೆಳ್ಳಗಾಗಿಸಿಕೊಂಡವನು ನಾನು. ಕೆಲವು ಅಳತೆ ಹೇಳುತ್ತೇನೆ, ಚರ್ಚೆಗೆ ಬೇಕಾಗಬಹುದು.

ಈ ರಸ್ತೆಯನ್ನು ಮಾಡಿದ್ದು ಬೆಂಗಳೂರಿಂದ ಹೊನ್ನಾವರಕ್ಕೆ ಹೋಗಲಿಕ್ಕೆ. ಊರು ಆಮೇಲೆ ಅದರ ಎರಡೂ ಪಕ್ಕ ಬೆಳೆಯಿತು. ಈಗ ಎಸ್.ಐ.ಟಿ. ಇಂಜಿನಿಯರಿಂಗ್ ಕಾಲೇಜು, ವಿಶ್ವವಿದ್ಯಾಲಯ, ಆಸ್ಪತ್ರೆಗಳು ಎಲ್ಲ ಇದೇ ರಸ್ತೆಗೆ ಮುಖ ಮಾಡಿ ಕೂತಿವೆ. ದೂರ ಹೋಗುವ ಲಾರಿಗೂ, ಮಾತ್ರೆ ತರಲು ಹೊರಟ ಅಜ್ಜಿಗೂ ಒಂದೇ ರಸ್ತೆ ಆಗಿತ್ತು. ಬೈಪಾಸ್ ಬಂದು ಬೆಂಗಳೂರು–ಪುಣೆ ಕಡೆಯ ಲಾರಿಗಳು ಹೊರಗಿಂದ ಹೋದವು. ಆದರೂ ಗಾಡಿ ಓಡಿಸುವವರು ಇದನ್ನು ಹೈವೇ ಅಂತಲೇ ನೋಡುತ್ತಾರೆ.

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಪ್ರಕಾರ ಫುಟ್‌ಪಾತ್‌ನಲ್ಲಿ ನಡೆಯಲು ಅಂತಲೇ ಕನಿಷ್ಠ 1.8 ಮೀಟರ್ ಅಗಲ ಖಾಲಿ ಇರಬೇಕು. ಕಂಬ, ಮರ, ಟ್ರಾನ್ಸ್‌ಫಾರ್ಮರ್ ಎಲ್ಲ ಬಿಟ್ಟು ಉಳಿಯುವ ಅಗಲ ಅದು. ಎತ್ತರ 15 ಸೆಂಟಿಮೀಟರ್ ಮೀರಬಾರದು. ಫುಟ್‌ಪಾತ್ ಎತ್ತರ ಮಾಡಿದರೆ ಬೈಕ್ ಹತ್ತುವುದಿಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಬೈಕ್ ಹತ್ತುತ್ತದೆ, ಮಂಡಿ ನೋವಿನವರು ಹತ್ತುವುದಿಲ್ಲ. ಬೈಕ್ ತಡೆಯಬೇಕಾದರೆ ಫುಟ್‌ಪಾತ್ ಬಾಯಲ್ಲಿ ಗೂಟ ನೆಡಬೇಕು, ಗಾಲಿ ಕುರ್ಚಿ ಹೋಗುವಷ್ಟು ಜಾಗ ಬಿಟ್ಟು.

ಇನ್ನು ಕಾರಿನ ಲೆಕ್ಕ. ಗಾಡಿ ಓಡುವ ಒಂದು ಸಾಲಿನ ಅಗಲ ಸುಮಾರು ಮೂರೂವರೆ ಮೀಟರ್. ಕಾರು ಎರಡು ಮೀಟರಿಗೂ ಕಡಿಮೆ. ಅರ್ಧ ಸಾಲು ಉಳಿಯಿತಲ್ಲ ಅಂತ ಅನಿಸುತ್ತದೆ. ಆದರೆ ಆ ಅರ್ಧದಲ್ಲಿ ಬಸ್ ಹೋಗುವುದಿಲ್ಲ, ಪಕ್ಕಕ್ಕೆ ಬರಲೇಬೇಕು. ಹಾಗೆ ಬರುವಾಗ ಪಕ್ಕದ ಸಾಲಿನವನು ಬ್ರೇಕ್ ಹಾಕುತ್ತಾನೆ, ಅವನ ಹಿಂದಿನವನೂ ಹಾಕುತ್ತಾನೆ. ಒಂದು ಕಾರು ಒಂದು ಕಡೆ ನಿಂತರೆ ಇಡೀ ಸಾಲು ಸತ್ತ ಹಾಗೆ. ಇಡೀ ಬೀದಿ ತುಂಬ ನಿಲ್ಲಿಸಬೇಕಾಗಿಲ್ಲ, ನೂರು ಮೀಟರಿಗೆ ಒಂದು ಸಾಕು.

ಕಾನೂನೂ ಇದೆ. ಬೇರೆಯವರಿಗೆ ಅಪಾಯ, ಅಡ್ಡಿ, ತೊಂದರೆ ಆಗುವ ಹಾಗೆ ಗಾಡಿ ಬಿಟ್ಟು ಹೋಗಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 122ನೇ ಸೆಕ್ಷನ್ ಹೇಳುತ್ತದೆ. ಫುಟ್‌ಪಾತ್, ಜೀಬ್ರಾ ಪಟ್ಟಿ, ಬಸ್ ಸ್ಟಾಪ್ ಇವುಗಳಲ್ಲಿ ನಿಲ್ಲಿಸಬಾರದು ಅಂತ 2017ರ ಚಾಲನಾ ನಿಯಮಗಳಲ್ಲೂ ಇದೆ. "ಇಂಡಿಕೇಟರ್ ಹಾಕಿದ್ದೆ" ಅನ್ನುವುದಕ್ಕೆ ಯಾವ ನಿಯಮದಲ್ಲೂ ವಿನಾಯಿತಿ ಕಂಡಿಲ್ಲ.

ಕ್ಯಾತ್ಸಂದ್ರ

ಸಾರ್, ಭಾನುವಾರ ಬೆಳಿಗ್ಗೆ ನಮ್ಮ ಕಡೆ ಬನ್ನಿ. ತಟ್ಟೆ ಇಡ್ಲಿಗೆ ಬೆಂಗಳೂರಿಂದ ಬಂದವರ ಕಾರು ಹೋಟೆಲ್ ಮುಂದೆ ಹೇಗೆ ನಿಂತಿರುತ್ತವೆ ಅಂದರೆ, ಊರಿನವರು ಹಾಲು ತರಲು ಸುತ್ತಿಕೊಂಡು ಹೋಗಬೇಕು. ಇಡ್ಲಿ ಮಾತ್ರ ಚೆನ್ನಾಗಿರುತ್ತದೆ, ಅದರಲ್ಲಿ ಎರಡು ಮಾತಿಲ್ಲ.

ಸೈಕಲ್ ಮೇಷ್ಟ್ರು

ನಿಂತ ಗಾಡಿಯ ಇನ್ನೊಂದು ಮುಖ ಯಾರೂ ಹೇಳಲಿಲ್ಲ. ಬಾಗಿಲು!

ಸೈಕಲ್ ತುಳಿಯುವವರಿಗೆ ಎದೆ ಝಲ್ ಅನ್ನುವುದು ಲಾರಿ ಕಂಡಾಗ ಅಲ್ಲ. ಲಾರಿ ಬರುವುದು ಕೇಳಿಸುತ್ತದೆ. ನಿಂತ ಕಾರಿನ ಬಾಗಿಲು ಗಕ್ಕನೆ ತೆರೆದುಕೊಂಡಾಗ ಯಾವ ಸದ್ದೂ ಇರುವುದಿಲ್ಲ. ಬಾಗಿಲಿಗೆ ಬಡಿದರೆ ಒಂದು ಪೆಟ್ಟು, ತಪ್ಪಿಸಲು ಬಲಕ್ಕೆ ಎಳೆದರೆ ಹಿಂದಿನಿಂದ ಬರುವ ಗಾಡಿ. ಅದಕ್ಕೇ ನಾನು ನಿಂತ ಕಾರುಗಳಿಂದ ಒಂದು ಮಾರು ದೂರ ತುಳಿಯುತ್ತೇನೆ. ಆಗ ಹಿಂದಿನವರು "ಏನ್ ಮೇಷ್ಟ್ರೇ, ರಸ್ತೆ ಮಧ್ಯೆ ಹೋಗ್ತಿದ್ದೀರಾ" ಅಂತ ಹಾರ್ನ್ ಹೊಡೆಯುತ್ತಾರೆ. ನಾನು ಮಧ್ಯೆ ಹೋಗಲು ಕಾರಣ ಎಡಗಡೆ ನಿಂತಿರುವ ಕಾರು. ಅದು ಅವರಿಗೆ ಕಾಣುವುದೇ ಇಲ್ಲ.

ಕಾರಿನವರಿಗೆ ಒಂದು ಸುಲಭದ ಉಪಾಯ ಹೇಳುತ್ತೇನೆ. ಸ್ಟಿಯರಿಂಗ್ ಹಿಡಿದವರು ತಮ್ಮ ಬಾಗಿಲನ್ನು ಎಡಗೈಯಿಂದ ತೆರೆಯಿರಿ. ಆ ಕೈಯನ್ನು ಬಲಕ್ಕೆ ಚಾಚಿದಾಗ ಭುಜ ತಾನಾಗಿ ತಿರುಗುತ್ತದೆ, ಕಣ್ಣು ಕನ್ನಡಿಗೂ ಹಿಂದಿನ ರಸ್ತೆಗೂ ಹೋಗುತ್ತದೆ. ಎಡಗಡೆ ಕೂತವರು ಬಲಗೈಯಿಂದ ತೆರೆಯಬೇಕು. ಮಕ್ಕಳಿಗೆ ಕಲಿಸಿದರೆ ಅವರೇ ಅಪ್ಪಂದಿರನ್ನು ಗದರಿಸುತ್ತಾರೆ. ನಮ್ಮ ಕ್ಲಾಸಿನಲ್ಲಿ ಹೇಳಿಕೊಟ್ಟೆ. ಆಮೇಲೆ ಒಬ್ಬರು ತಾಯಿ ಬಂದು "ನಿಮ್ಮಿಂದ ಮನೆಯಲ್ಲಿ ದಿನಾ ಪಾಠ ಆಗಿದೆ" ಅಂದರು.

ಹಾಸ್ಟೆಲ್ ಹುಡುಗ

ಬಾಗಿಲಿನ ವಿಷಯ ನನಗೆ ಗೊತ್ತಿರಲಿಲ್ಲ ಮೇಷ್ಟ್ರೇ, ಚೆನ್ನಾಗಿದೆ. ಆದರೆ ನಿಂತ ಗಾಡಿಗಳ ಮೇಲೇ ಎಲ್ಲ ಹೊರೆ ಹಾಕುವುದು ಸರಿಯಲ್ಲ. ನಾನು ಸಂಜೆ ಹೊತ್ತು ಊಟದ ಡೆಲಿವರಿ ಮಾಡುತ್ತೇನೆ. ಸ್ಪೀಡ್ ಇರುವುದು ನಿಜ. ರೇಟಿಂಗ್, ಟೈಮು ಎಲ್ಲ ತಲೆ ಮೇಲೆ ಕೂತಿರುತ್ತದೆ. ನನ್ನ ಗೆಳೆಯರಲ್ಲೇ ಡಿವೈಡರ್ ಸಂದಿ ಸಿಗುವ ತನಕ ರಾಂಗ್ ಸೈಡ್‌ನಲ್ಲಿ ಬರುವವರು ಇದ್ದಾರೆ. ಯೂ ಟರ್ನ್ ದೂರ ಇದೆ ಅಂತ. ನಡೆಯುವವರು ಬಲಕ್ಕೆ ಮಾತ್ರ ನೋಡಿ ಕಾಲಿಡುತ್ತಾರೆ, ಇವನು ಎಡದಿಂದ ಬರುತ್ತಾನೆ. ಅದಕ್ಕೆ ಪಾರ್ಕಿಂಗ್ ಏನು ಮಾಡುತ್ತದೆ?

ಸೀಸನ್ ಪಾಸ್

ಹುಡುಗ ಹೇಳಿದ್ದರಲ್ಲಿ ತೂಕ ಇದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಲ್ಲೇ ಇದೆ. ಅದರಲ್ಲಿ ಶೇ 44.5 ಜನ ದ್ವಿಚಕ್ರ ವಾಹನದಲ್ಲಿದ್ದವರು, ಶೇ 19.5 ನಡೆದು ಹೋಗುತ್ತಿದ್ದವರು. ಎರಡೂ ಸೇರಿದರೆ ಹತ್ತಿರ ಹತ್ತಿರ ಮೂರನೇ ಎರಡು ಪಾಲು. ನಾವು ಇಲ್ಲಿ ಕಿತ್ತಾಡುವುದು ಬೈಕಿನವರು ಮತ್ತು ನಡೆಯುವವರು. ಸಾಯುವುದೂ ಅವರೇ.

ನಿವೃತ್ತ ಇಂಜಿನಿಯರ್

ವೇಗದ ಬಗ್ಗೆ ಒಂದು ಮಾತು. ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವಾಗುವ ಅಪಘಾತದ ಅಪಾಯ ಶೇ 4ರಷ್ಟು ಏರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೆ ನಮ್ಮವರ ಮದ್ದು ಒಂದೇ, ಹಂಪ್. ಅದನ್ನಾದರೂ ಅಳತೆಯಲ್ಲಿ ಹಾಕುತ್ತಾರಾ? ಮಾದರಿ ಹಂಪ್ 10 ಸೆಂಟಿಮೀಟರ್ ಎತ್ತರ, ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ. ಗಂಟೆಗೆ 25 ಕಿಲೋಮೀಟರ್‌ನಲ್ಲಿ ಬಂದರೆ ಮೆತ್ತಗೆ ಏರಿ ಇಳಿಯಬೇಕು. ಮುಂಚೆಯೇ ಫಲಕ ಇರಬೇಕು, ಮೇಲೆ ಬಣ್ಣ ಇರಬೇಕು. ಬಡಾವಣೆಗಳಲ್ಲಿ ರಾತ್ರೋರಾತ್ರಿ ಸಿಮೆಂಟ್ ಸುರಿದು ಮಾಡುವ ಚೂಪು ದಿಣ್ಣೆ ಹಂಪ್ ಅಲ್ಲ, ಬೆನ್ನು ಮುರಿಯುವ ಯಂತ್ರ. ಹಿಂದೆ ಕೂತ ಬಸುರಿ ಹೆಂಗಸರನ್ನು ನೆನೆಸಿಕೊಳ್ಳಿ.

ಹೂವಿನ ಗಾಡಿ ಮನೆಯವಳು

ನಮ್ಮ ಮಾತೂ ಕೇಳಿ. ಪಾರ್ಕಿಂಗ್ ಅಂತ ಶುರುವಾದ ಮಾತು ಕೊನೆಗೆ ನಿಲ್ಲುವುದು ನಮ್ಮ ತಳ್ಳುಗಾಡಿ ಮುಂದೆ. ನಮ್ಮ ಅತ್ತೆ ಕಾಲದಿಂದ ಹೂ ಮಾರುತ್ತಿದ್ದೇವೆ. ಎರವಿಗೆ ತಂದ ಹೂ, ರಾತ್ರಿ ಒಳಗೆ ಮಾರದಿದ್ದರೆ ಬಾಡಿ ಹೋಗುತ್ತದೆ.

ಜಯನಗರ

ಅಕ್ಕ, ಕನಿಕರ ಇದೆ. ಆದರೆ ಫುಟ್‌ಪಾತ್ ಇರುವುದು ನಡೆಯಲು. ಎಲ್ಲ ಗಾಡಿಗಳನ್ನೂ ಎತ್ತಿಸಿಬಿಟ್ಟರೆ ಅರ್ಧ ಸಮಸ್ಯೆ ಮುಗಿಯಿತು.

ಹೂವಿನ ಗಾಡಿ ಮನೆಯವಳು

ಎತ್ತಿಸಿದರೆ ಆ ಜಾಗದಲ್ಲಿ ಮರುದಿನ ಯಾರದ್ದೋ ಕಾರು ನಿಂತಿರುತ್ತದೆ ಅಣ್ಣ. ಕಾರಿಗೆ ಯಾರೂ "ಎತ್ತು" ಅನ್ನುವುದಿಲ್ಲ. ಇಬ್ಬರ ಅಗಲವನ್ನೂ ಟೇಪ್ ಹಿಡಿದು ಅಳೆಯಿರಿ, ಆಮೇಲೆ ಮಾತಾಡೋಣ.

ಸೀಸನ್ ಪಾಸ್

ಜಯನಗರದವರೇ, ಸುಮ್ನೆ ಎತ್ತಿಸಲು ಬರುವುದಿಲ್ಲ. ಬೀದಿ ವ್ಯಾಪಾರಿಗಳ ಕಾಯ್ದೆ ಅಂತ 2014ರಲ್ಲಿ ಆಗಿದೆ. ಊರಿಗೊಂದು ಪಟ್ಟಣ ಮಾರಾಟ ಸಮಿತಿ ಇರಬೇಕು. ಸದಸ್ಯರಲ್ಲಿ ಕನಿಷ್ಠ ಶೇ 40 ಜನ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಸಮೀಕ್ಷೆ ಮಾಡಿ, ಪ್ರಮಾಣಪತ್ರ ಕೊಟ್ಟು, ಎಲ್ಲಿ ಮಾರಬಹುದು ಅಂತ ಜಾಗ ಗುರುತಿಸಬೇಕು. ಅಂದರೆ ತಳ್ಳುಗಾಡಿಯವರಿಗೆ ಒಂದು ವ್ಯವಸ್ಥೆ ಕಾಗದದ ಮೇಲಾದರೂ ಇದೆ.

ಇನ್ನೊಂದು. ರಾತ್ರಿ ಟ್ರೈನ್ ಇಳಿದು ನಡೆದು ಬರುವಾಗ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಧೈರ್ಯ ಕೊಡುವುದು ಆ ಹೂವಿನ ಗಾಡಿಯ ಲೈಟು, ಹಣ್ಣಿನವನ ಕೂಗು. ಖಾಲಿ ಫುಟ್‌ಪಾತ್ ಎಲ್ಲ ಹೊತ್ತಲ್ಲೂ ಒಳ್ಳೆಯದು ಅಂತ ನನಗೆ ಅನಿಸುವುದಿಲ್ಲ.

ಜಯನಗರ

ಲೈಟಿನ ವಿಷಯ ಒಪ್ಪಿದೆ. ಆದರೂ ಬಸ್ ಸ್ಟಾಪ್ ಮುಂದೆ ಮಾತ್ರ ಬೇಡ.

ಸಿರಾ ಗೇಟ್ ಅಮ್ಮ

ನೀವೆಲ್ಲ ದೊಡ್ಡವರ ಜಗಳದಲ್ಲಿ ಮಕ್ಕಳನ್ನು ಮರೆತಿರಿ. ಟ್ಯೂಷನ್ ಬಿಡುವ ಹೊತ್ತಿಗೆ ಯಾವುದಾದರೂ ಕ್ರಾಸಿನಲ್ಲಿ ನಿಂತು ನೋಡಿ. ಮೀಸೆ ಚಿಗುರದ ಹುಡುಗರು ಸ್ಕೂಟರಿನಲ್ಲಿ ಮೂರು ಮೂರು ಜನ. ಅಪ್ಪ ಅಮ್ಮನೇ ಕೀ ಕೊಟ್ಟು ಕಳಿಸುತ್ತಾರೆ. ಕೇಳಿದರೆ "ಹತ್ತಿರ ಅಲ್ವಾ" ಅನ್ನುತ್ತಾರೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಮಕ್ಕಳು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೋ ಗಾಡಿ ಮಾಲೀಕರಿಗೋ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಸಿಗುವುದಿಲ್ಲ.

ಹಾಗಂತ ಮಕ್ಕಳನ್ನು ಸೈಕಲ್ಲಿನಲ್ಲಿ ಕಳಿಸೋಣ ಅಂದರೆ ಮೇಷ್ಟ್ರು ಹೇಳಿದ ಬಾಗಿಲು. ನಡೆಸಿ ಕಳಿಸೋಣ ಅಂದರೆ ಎಸ್.ಎಸ್. ಪುರಂನವರು ಹೇಳಿದ ಸೈಲೆನ್ಸರ್. ಅದಕ್ಕೇ ನಾನೇ ಸ್ಕೂಟರಿನಲ್ಲಿ ಬಿಡುತ್ತೇನೆ. ನನ್ನ ಹಾಗೆ ಸ್ಕೂಲ್ ಗೇಟಿನ ಮುಂದೆ ನೂರು ಜನ ಬಿಡುತ್ತಾರೆ. ಅಲ್ಲಿ ಮತ್ತೆ ಜಾಮ್!

ಎಸ್.ಎಸ್. ಪುರಂ ವಾಸಿ

ಸಿರಾ ಗೇಟಿನವರೇ, ನಾನು ಹೇಳಬೇಕೆಂದಿದ್ದನ್ನು ನೀವೇ ಹೇಳಿಬಿಟ್ಟಿರಿ. ನಡೆಯಲು ಆಗದವರು ಗಾಡಿ ತೆಗೆಯುತ್ತಾರೆ, ಆ ಗಾಡಿ ಇನ್ನೊಬ್ಬರು ನಡೆಯುವ ಜಾಗದಲ್ಲಿ ನಿಲ್ಲುತ್ತದೆ. ಹಾಸ್ಟೆಲ್ ಹುಡುಗನ ಪ್ರಶ್ನೆಗೂ ಒಂದು ಮಾತು. ನಿಂತ ಕಾರಿನ ಮರೆಯಿಂದ ದಾಟಲು ಬರುವವರು ರೈಡರ್‌ಗೆ ಕಾಣುವುದಿಲ್ಲ, ಅವರಿಗೆ ರೈಡರ್ ಕಾಣುವುದಿಲ್ಲ. ಎಡದಿಂದ ಬಂದರೂ ಬಲದಿಂದ ಬಂದರೂ ಕೊನೇ ಗಳಿಗೆಯಲ್ಲೇ ಇಬ್ಬರಿಗೂ ಗೊತ್ತಾಗುವುದು.

ಇಂಜಿನಿಯರ್ ಸಾರ್, ರಸ್ತೆ ದಾಟುವ ಬಗ್ಗೆ ನೀವು ಏನೂ ಹೇಳಲಿಲ್ಲ.

ನಿವೃತ್ತ ಇಂಜಿನಿಯರ್

ಸಿಗ್ನಲ್ ಲೆಕ್ಕ ಹಾಕುವಾಗ ನಡಿಗೆಯ ವೇಗ ಸೆಕೆಂಡಿಗೆ 1.2 ಮೀಟರ್ ಅಂತ ಹಿಡಿಯುವುದು ರೂಢಿ. ನಾಲ್ಕು ಸಾಲಿನ ರಸ್ತೆ 14 ಮೀಟರ್ ಅಂದುಕೊಳ್ಳಿ. ಸುಮಾರು 12 ಸೆಕೆಂಡಿನಲ್ಲಿ ದಾಟಬಹುದು. ಕೋಲು ಹಿಡಿದವರು ಸೆಕೆಂಡಿಗೆ 0.8 ಮೀಟರ್ ನಡೆದರೆ ಹದಿನೇಳು ಹದಿನೆಂಟು ಸೆಕೆಂಡ್ ಬೇಕು. ಆ ಐದಾರು ಸೆಕೆಂಡ್ ಅವರು ಎಲ್ಲಿ ನಿಲ್ಲಬೇಕು? ಡಿವೈಡರ್ ನಡುವೆ ನಿಲ್ಲಲು ಸಮತಟ್ಟಾದ ಜಾಗ ಇದ್ದರೆ ಒಂದು ಸಲಕ್ಕೆ ಅರ್ಧ ರಸ್ತೆ ದಾಟಿದರೆ ಸಾಕು. ನಮ್ಮಲ್ಲಿ ಡಿವೈಡರ್‌ಗೆ ಗ್ರಿಲ್ ಹಾಕುತ್ತಾರೆ, ಜನ ಒಂದು ಕಡೆ ಸರಳು ಬಗ್ಗಿಸಿ ಸಂದಿ ಮಾಡಿಕೊಳ್ಳುತ್ತಾರೆ. ಸರಳು ಬಗ್ಗಿದ ಕಡೆ ಹೋಗಿ ನೋಡಿ. ಒಂದು ಪಕ್ಕ ಬಸ್ ಸ್ಟಾಪ್, ಎದುರಿಗೆ ಆಸ್ಪತ್ರೆಯೋ ಕಾಲೇಜೋ ಇದ್ದೇ ಇರುತ್ತದೆ. ಜೀಬ್ರಾ ಪಟ್ಟಿ ಬಳಿಯಬೇಕಾದ ಜಾಗವನ್ನು ಜನ ಆಗಲೇ ತೋರಿಸಿಕೊಟ್ಟಿದ್ದಾರೆ.

ಸಿಗ್ನಲ್ ಇಲ್ಲದ ಜೀಬ್ರಾದಲ್ಲಿ ದಾಟುವವರಿಗೆ ಗಾಡಿಯವರು ದಾರಿ ಬಿಡಬೇಕು. ಇದೂ 2017ರ ನಿಯಮದಲ್ಲಿದೆ. ಬಿಟ್ಟವರಿಗೆ ಹಿಂದಿನವರ ಹಾರ್ನ್ ಬಹುಮಾನ.

ಆಂಬುಲೆನ್ಸ್ ಸ್ಟಾಫ್

ರಾತ್ರಿ ಡ್ಯೂಟಿ ಮುಗಿಸಿ ಓದುತ್ತಿದ್ದೇನೆ. ಆಂಬುಲೆನ್ಸಿಗೆ ದಾರಿ ಬಿಡದವರಿಗೆ ಮೋಟಾರು ವಾಹನ ಕಾಯ್ದೆಯಲ್ಲಿ 10,000 ರೂಪಾಯಿ ದಂಡ ಇದೆ ಅಂತ ಎಲ್ಲರಿಗೂ ಗೊತ್ತು. ನಿಜ ಹೇಳಬೇಕಂದರೆ ತುಮಕೂರಿನ ಜನ ಬಿಡುತ್ತಾರೆ. ಸೈರನ್ ಕೇಳಿದರೆ ಆಟೊ ಬೈಕು ಎಲ್ಲ ಪಕ್ಕಕ್ಕೆ ಸರಿಯಲು ನೋಡುತ್ತವೆ. ಸರಿಯಲು ಪಕ್ಕದಲ್ಲಿ ಜಾಗ ಇರಬೇಕಲ್ಲ? ನಿಂತ ಕಾರಿನಲ್ಲಿ ಡ್ರೈವರ್ ಇರುವುದಿಲ್ಲ, ಅವನಿಗೆ ಸೈರನ್ ಕೇಳಿಸುವುದಿಲ್ಲ.

ಮತ್ತೆ, ಅಪಘಾತ ನೋಡಿದರೆ ಹೆದರಬೇಡಿ. 112ಕ್ಕೋ 108ಕ್ಕೋ ಫೋನ್ ಮಾಡಿ. ಸಹಾಯ ಮಾಡಿದವರ ಮೇಲೆ ಕೇಸ್ ಬೀಳುವುದಿಲ್ಲ, ಹೆಸರು ಹೇಳಲೇಬೇಕು ಅಂತ ಯಾರೂ ಒತ್ತಾಯ ಮಾಡುವ ಹಾಗಿಲ್ಲ. ಅದೇ ಕಾಯ್ದೆಯ 134ಎ ಸೆಕ್ಷನ್ ಅದಕ್ಕೆಂದೇ ಇದೆ.

ಅಶೋಕ ರಸ್ತೆ ಅಂಗಡಿ

ಎರಡು ದಿನ ವ್ಯಾಪಾರದ ಗಡಿಬಿಡಿ, ಈಗ ಬಂದೆ. ಸೀಸನ್ ಪಾಸ್ ಅಣ್ಣನ ಮಾತು ಓದಿ ನಮ್ಮ ಸಾಲಿನ ಅಂಗಡಿಯವರ ಹತ್ತಿರ ಮಾತಾಡಿದೆ. ನಮ್ಮ ಹಿಂದೆ ಒಂದು ಗಲ್ಲಿ ಇದೆ, ಗೋಡೌನ್ ಬಾಗಿಲು ಇರುವುದು ಅಲ್ಲೇ. ನಮ್ಮ ಮತ್ತು ಹುಡುಗರ ಬೈಕುಗಳನ್ನು ಅಲ್ಲಿ ಹಾಕೋಣ ಅಂದೆ. ಮೂರು ಅಂಗಡಿಯವರು ಒಪ್ಪಿದರು. ಇನ್ನೊಬ್ಬರಿಗೆ ಅನುಮಾನ, ಅಲ್ಲಿ ಪೆಟ್ರೋಲ್ ಕದಿಯುತ್ತಾರಂತೆ. ಗಲ್ಲಿಗೆ ಒಂದು ಲೈಟ್ ಹಾಕಿಸುವ ತನಕ ಅವರು ಬರುವುದಿಲ್ಲವಂತೆ.

ಬೈಕುಗಳು ಹಿಂದೆ ಹೋದ ಮೇಲೆ ಮುಂದೆ ಗಿರಾಕಿಗಳಿಗೆ ಜಾಗ ಸಿಗುತ್ತಿದೆ, ಅವರು ಫುಟ್‌ಪಾತ್ ಹತ್ತುತ್ತಿಲ್ಲ. ಸರಕು ಇಳಿಸುವ ಗೂಡ್ಸ್ ಆಟೊಗೂ ಬೆಳಿಗ್ಗೆ ಒಂಬತ್ತರ ಒಳಗೆ ಬರಲು ಹೇಳಿದ್ದೇನೆ. ಅವನು "ಆಯಿತು ಸಾರ್" ಅಂದಿದ್ದಾನೆ. ಬರುತ್ತಾನೋ ಇಲ್ಲವೋ ದೇವರೇ ಬಲ್ಲ.

ಆಟೊ, ಗುಬ್ಬಿ ಗೇಟ್

ನೋಡಿ, ಸಾಹುಕಾರರು ಮನಸ್ಸು ಮಾಡಿದರೆ ಆಗುತ್ತದೆ. ಅರ್ಜಿ ಬರೆಯುವುದಾದರೆ ಬಸ್ ಸ್ಟಾಪ್ ಮುಂದಿನ ನಾಲ್ಕು ಆಟೊ ಗೆರೆ ಮರೆಯಬೇಡಿ. ನಮ್ಮ ಸ್ಟ್ಯಾಂಡಿನವರ ಸಹಿ ನಾನು ಹಾಕಿಸುತ್ತೇನೆ.

ಎಸ್.ಎಸ್. ಪುರಂ ವಾಸಿ

ಅರ್ಜಿ ನಾನು ಬರೆಯುತ್ತೇನೆ. ಇಡೀ ಊರು ಬೇಡ, ಭದ್ರಮ್ಮ ಸರ್ಕಲ್‌ನಿಂದ ಟೌನ್ ಹಾಲ್ ತನಕ ಮಾತ್ರ. ಸರಳು ಬಗ್ಗಿದ ಕಡೆಗಳಲ್ಲಿ ಜೀಬ್ರಾ ಮತ್ತು ನಡುವೆ ನಿಲ್ಲುವ ಜಾಗ, ಫುಟ್‌ಪಾತ್ ಬಾಯಲ್ಲಿ ಗೂಟ, ಆಟೊ ಗೆರೆ, ಹಿಂದಿನ ಗಲ್ಲಿಗೆ ಲೈಟು. ತಳ್ಳುಗಾಡಿಗಳಿಗೆ ಗುರುತು ಮಾಡಿದ ಜಾಗ ಬೇಕು ಅಂತಲೂ ಸೇರಿಸುತ್ತೇನೆ. ಹೂವಿನ ಅಕ್ಕ, ನೀವೂ ಸಹಿ ಹಾಕಬೇಕು.

ಹೂವಿನ ಗಾಡಿ ಮನೆಯವಳು

ಹಾಕುತ್ತೇನೆ. ಎತ್ತಿಸಿ ಅಂತ ಎಲ್ಲೂ ಬರೆದಿಲ್ಲ ತಾನೇ? ಮೊದಲು ಓದಿ ಹೇಳಿ.

ನಿವೃತ್ತ ಇಂಜಿನಿಯರ್

ಪಾಲಿಕೆಗೆ ಒಂದು ಪ್ರತಿ, ಸಂಚಾರ ಪೊಲೀಸರಿಗೆ ಒಂದು ಪ್ರತಿ. ಗೆರೆ, ಗೂಟ, ಲೈಟು ಒಬ್ಬರ ಕೆಲಸ, ಗಾಡಿ ಎತ್ತಿಸುವುದು ಇನ್ನೊಬ್ಬರ ಕೆಲಸ. ಒಂದೇ ಕಡೆ ಕೊಟ್ಟರೆ "ಅದು ನಮ್ಮದಲ್ಲ" ಅನ್ನುತ್ತಾರೆ. ಸೀಲ್ ಹಾಕಿದ ಸ್ವೀಕೃತಿ ತೆಗೆದುಕೊಳ್ಳದೆ ಎದ್ದು ಬರಬೇಡಿ. ಫೋಟೊ ಲಗತ್ತಿಸುವುದಾದರೆ ಜಾಗದ ಗುರುತು ಕಾಣಲಿ. ಅಗಲ ಅಳೆಯಲು ನನ್ನ ಹತ್ತಿರ 30 ಮೀಟರಿನ ಹಳೇ ಟೇಪ್ ಇದೆ. ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕು.

ಹಾಸ್ಟೆಲ್ ಹುಡುಗ

ನಾನು ಬರುತ್ತೇನೆ ಸಾರ್. ಬೆಳಿಗ್ಗೆ ಏಳರ ಒಳಗೆ ಆದರೆ ಒಳ್ಳೆಯದು, ಆಮೇಲೆ ಟೇಪ್ ಹಾಸಲು ಜಾಗ ಇರುವುದಿಲ್ಲ.